ಮೈದಾನದ ಕಡೆ ಮುಖ

“ಆ ಬೂಟು ಇಲ್ಲಿ ಕೊಡು,” ಎಂದ ರೇವಣಸಿದ್ದ ಸೌಜನ್ಯಳ ಕೈಯಿಂದ ಒಂದು ಬೂಟನ್ನು ಕಿತ್ತುಕೊಂಡೇಬಿಟ್ಟ. ಇನ್ನೊಂದು ಅವಳ ಕೈಯಲ್ಲೇ ಉಳಿಯಿತು. ಅಂಗಳದಲ್ಲಿ ಕೊಟ್ರಬಸಪ್ಪನ ಹೆಣವನ್ನು ಕೂರಿಸಿ ಒಯ್ಯಬೇಕಾದ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದವರು ಹುರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಈ ಕಡೆ ತಿರುಗಿದರು. ಪಡಸಾಲೆಯಲ್ಲಿ ಭಜನೆಯವರ ತಾಳವೂ ನಿಂತಿತು.

“ಅಣ್ಣನ ಹೆಣ ಇನ್ನಾ ಗ್ವಾಡಿಗೆ ಆನಿಸಿ ಕುಂದ್ರಿಸೈತಿ. ಮೊಮ್ಮಗಳು ಚಡ್ಡಿ ಹಾಕ್ಕೊಂಡು ಚೆಂಡಾಡಾಕ ಹೊಂಟಾಳ. ಮಂದಿ ಏನಂತಾರ ಅನ್ನೂದು ಬಿಡು, ನಮಗರ ಏನರ ಅನಿಸಬೇಕಲ್ಲ?”

“ಫೈನಲ್ ಐತಿ ಸಣ್ಣ ತಾತ, ಮೂರೂವರಿಗೆ,” ಎಂದಳು ಸೌಜನ್ಯ. ಅತ್ತು ಕೆಂಪಾದ ಕಣ್ಣೊರೆಸಿಕೊಂಡಳು. “ಭವ್ಯನ ಕಾಲು ಮುರದೈತಿ. ನಾನೂ ಹೋಗಲಿಲ್ಲಂದ್ರ ಹತ್ತ ಮಂದಿ ಆಗ್ತಾರ. ಕಂಪ್ಲಿಯವ್ರು ನಮ್ಮನ್ನ ಹುರದು ತಿಂತಾರ.”

“ತಿನ್ಲಿ.”

ರೇವಣಸಿದ್ದ ಕೊಟ್ರಬಸಪ್ಪನ ಒಡಹುಟ್ಟಿದ ತಮ್ಮ. ಮನುಷ್ಯ ಕೆಟ್ಟವನಲ್ಲ. ಆದರೆ ಸಾವಿನ ಮನೆಯಲ್ಲಿ ಯಾರಾದರೊಬ್ಬರು ಯಜಮಾನಿಕೆ ಮಾಡಲೇಬೇಕಲ್ಲ, ಅದನ್ನು ಬೆಳಗಿನಿಂದ ತನ್ನ ತಲೆಗೆ ಸುತ್ತಿಕೊಂಡಿದ್ದ. ಹೂವಿನವನ ಮೇಲೆ ಹರಿಹಾಯ್ದದ್ದಾಗಿತ್ತು, ಟ್ರ್ಯಾಕ್ಟರಿನ ಪಂಪೇಶನ ಮೇಲೆ ಹರಿಹಾಯ್ದದ್ದಾಗಿತ್ತು, ಈಗ ಹುಡುಗಿಯ ಸರದಿ ಬಂದಿತ್ತು.

“ಮ್ಯಾಚ್ ಒಂದಿನ ಮುಂದಕ್ಕ ಹಾಕ್ಸಿದ್ರ ಆತಪ,” ಎಂದರು ಯಾರೋ.

“ಎಲ್ಲಿಗೆ ಹಾಕ್ಸೂದ್ರಿ?” ಎಂದ ನಾಗೇಂದ್ರಪ್ಪ, ಚಪ್ಪಲಿ ಬಿಡುತ್ತ. ಕಂಪನಿಯ ಫುಟ್‌ಬಾಲ್ ಟೀಮಿನಲ್ಲಿ ಕೊಟ್ರಬಸಪ್ಪನ ಪಕ್ಕದಲ್ಲೇ ನಿಂತು ಆಡಿದವನು. ಸುದ್ದಿ ಕೇಳಿ ಸಂಡೂರಿನ ಹತ್ತಿರದ ವಡ್ಡು ಊರಿನಿಂದ ಸಿಕ್ಕ ಅದಿರಿನ ಲಾರಿ ಹತ್ತಿ ಬಂದಿದ್ದ, ಬಿಳಿ ಪಂಚೆಯೆಲ್ಲ ಕೆಂಪಾಗಿತ್ತು. “ನಾಳಿಂದ ಮೈದಾನದ ತುಂಬ ದೀಪಾವಳಿ ಪಟಾಕಿ ಅಂಗಡಿ ಹಾಕ್ತಾರ. ಇವತ್ತು ಆಡಿದ್ರ ಆಟ, ಇಲ್ಲಂದ್ರ ಕಪ್ ಕಂಪ್ಲಿಗೆ ಹೋತು.”

“ಹೋದ್ರ ಹೋಗ್ಲಿ. ಸೂತಕದಾಗ ಇಟ್ಕೊಂಡು ಕಪ್ಪಂತ.”

ವಿಭೂತಿ, ಪತ್ರಿ ಎತ್ತಿಡುತ್ತಿದ್ದ ಅಯ್ಯನೋರು ಆ ಮಾತಿಗೆ ತಲೆಯೆತ್ತಿದರು. “ಏ ರೇವಣಸಿದ್ದ, ಸೂತಕದ ಮಾತು ನನ್ನ ಮುಂದ ಆಡಬ್ಯಾಡ. ಕೊಳ್ಳಾಗ ಲಿಂಗ ಇದ್ದಾರಿಗೆ ಎಲ್ಲೀ ಸೂತಕ? ಹುಡುಗಿ ಆಡ್ಲಿ, ಬಿಡ್ಲಿ, ನಾ ಕೇಳಂಗಿಲ್ಲ. ಹೊತ್ತು ಮುಣುಗೂದ್ರಾಗ ಪಾಪಿನಾಯಕನಹಳ್ಳಿ ಹೊಲದಾಗ ಕ್ರಿಯಾ ಆಗಬೇಕು. ಮನಿಮಂದಿ ಎಲ್ಲಾರ ಕೈಲಿಂದ ಕುಣ್ಯಾಗ ಪತ್ರಿ ಬೀಳಬೇಕು. ಇವೆರಡು ತಪ್ಪಬಾರದು.”

“ಆಟಾನೂ ಆಗಬೇಕು, ಪತ್ರೀನೂ ಹಾಕಬೇಕು ಅಂದ್ರ ಹೆಂಗ್ರಿ ಆಗತೈತಿ? ಎತ್ತು ಏರಿಗೆ ಕೋಣ ನೀರಿಗೆ,” ಎಂದ ರೇವಣಸಿದ್ದ.

ಅಷ್ಟು ಹೊತ್ತೂ ಗಂಡ ಕೊಟ್ರಬಸಪ್ಪನ ಎಡಮೊಣಕಾಲ ಪಕ್ಕ ಕೂತಿದ್ದ ಅಕ್ಕನಾಗಮ್ಮ ಸೆರಗು ಸರಿ ಮಾಡಿಕೊಂಡು ಎದ್ದಳು. ನಿನ್ನೆ ಸಂಜೆ ಹುಡುಗಿಯರಿಗೆ ಪ್ರಾಕ್ಟೀಸ್ ಮಾಡಿಸಿ ಬಂದವನು ಮಜ್ಜಿಗೆ ಕೇಳಿ, ಅದು ಬರುವುದರೊಳಗೆ ಮಂಚದ ಮೇಲೆ ಒರಗಿಬಿಟ್ಟಿದ್ದ. ಒಬ್ಬರಿಗಾದರೂ ಆಸ್ಪತ್ರೆಗೆ ಓಡಾಡಲು ಬಿಟ್ಟಿರಲಿಲ್ಲ.

“ಮೈದಾನ ನಾವು ಹೋಗೂ ಹಾದ್ಯಾಗ ಐತಿ,” ಎಂದಳು. “ಟ್ರ್ಯಾಕ್ಟರ್ ಅಲ್ಲಿ ನಿಂದ್ರಸ್ರಿ. ಆಟ ಮುಗೀಲಿ. ಹುಡುಗಿನ್ನ ಹತ್ತಿಸ್ಕೊಂಡು ಎಲ್ಲಾರೂ ಕೂಡೇ ಹೋಗೂಣು. ಆಕಿ ಬೂಟು ಕೊಡು, ರೇವಣಸಿದ್ದ.”

“ಅತ್ಗಿ, ಹೆಣ ತಗೊಂಡು ಮ್ಯಾಚ್ ನೋಡಾಕ ಹೋಗೂದಾ?”

“ಹೂಂ. ನಾನೂ ನೋಡಾಕ ಬರ್ತೀನಿ.”

ಮಗಳು ಗಂಗಾಂಬಿಕಾ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದವಳು ಅಳುವುದನ್ನೇ ಮರೆತು ಕೇಳಿದಳು, “ನೀನಾ, ಅವ್ವ? ಮೈದಾನಕ್ಕಾ?”

*

ಅಕ್ಕನಾಗಮ್ಮ ಜನ್ಮದಲ್ಲಿ ಒಂದು ಮ್ಯಾಚೂ ನೋಡಿರಲಿಲ್ಲ.

ಅವಳು ಮದುವೆಯಾಗಿ ಬಂದಾಗ ಕೊಟ್ರಬಸಪ್ಪ ಸಂಡೂರಿನ ಒಂದು ಅದಿರಿನ ಕಂಪನಿಯಲ್ಲಿ ಟೈಮ್‌ಕೀಪರ್. ಅದು ಬರೀ ಹೆಸರಿಗೆ. ಕಂಪನಿ ಅವನಿಗೆ ಸಂಬಳ ಕೊಡುತ್ತಿದ್ದದ್ದು ಫುಟ್‌ಬಾಲ್ ಆಡುವುದಕ್ಕೆ. ಪಾಪಿನಾಯಕನಹಳ್ಳಿಯ ಕರಿಹೊಲದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು, ಟೀಮಿನಲ್ಲಿ ಲೆಫ್ಟ್ ಬ್ಯಾಕ್. ಎಡಗಡೆಯಿಂದ ಬರುವವರನ್ನು ಗೋಲಿನ ಹತ್ತಿರ ಸುಳಿಯಗೊಡದಿರುವುದು ಅವನ ಕೆಲಸ. ಅತ್ತೆಯ ಮುಂದೆ ಹೊಸ ಸೊಸೆ ನಾಚಿಕೊಂಡೇ ಕೇಳಿದ್ದಳು, ಒಂದು ದಿನ ನೋಡಿ ಬರಲೇ ಎಂದು. “ಗಂಡಸರು ತೊಡಿ ಕಾಣೂ ಚಡ್ಡಿ ಹಾಕ್ಕೊಂಡು ಓಡಾಡೂದನ್ನ ಏನ್ ನೋಡ್ತಿ,” ಎಂದು ಅತ್ತೆ ಬಾಯಿ ಮುಚ್ಚಿಸಿದ್ದಳು.

ಆಮೇಲೆ ಗಂಗಾಂಬಿಕಾ ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಬೀಗರು, ಒಲೆ ಮೇಲೆ ಹೋಳಿಗೆ ಸಾರು. ತಂದೆ ಅನ್ನಿಸಿಕೊಂಡವನು ಮಾತ್ರ ದಾವಣಗೆರೆಯಲ್ಲಿ ಟೂರ್ನಮೆಂಟು ಆಡುತ್ತಿದ್ದ. ಎರಡು ದಿನ ಬಿಟ್ಟು ಕುಂಟುತ್ತ, ನಗುನಗುತ್ತ ಬಂದವನನ್ನು ಅಕ್ಕನಾಗಮ್ಮ ಹೊಸಿಲಲ್ಲೇ ನಿಲ್ಲಿಸಿದಳು. “ನಿನ್ನ ಆಟ ನಾ ಸಾಯೂತನ ನೋಡಂಗಿಲ್ಲ,” ಎಂದಳು. ಹೇಳಿದ್ದನ್ನು ನಡೆಸಿದಳು. ಹಟ ಅಂದರೆ ಅಂಥಿಂಥ ಹಟವಲ್ಲ.

ಅವನಾದರೂ ಬಿಟ್ಟನೇ? ಮ್ಯಾಚಿನ ಹಿಂದಿನ ದಿನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುವನು, “ನಾಳಿ ಬರ್ತಿಯೇನು?” ಅವಳಿಗೆ ಅಕ್ಕಿ ಹಸನು ಮಾಡುವುದಿರುತ್ತಿತ್ತು, ಕುಬುಸ ಹೊಲಿಯುವುದಿರುತ್ತಿತ್ತು. ಕಲ್ಕತ್ತೆಯ ಒಂದು ಕ್ಲಬ್ಬು ಅವನನ್ನು ಕರೆಸಿಕೊಂಡಾಗಲೂ ಕೇಳಿದ. ಅವಳು ಹೋಗಲಿಲ್ಲ. ಮೊಣಕಾಲು ಮುರಿದ ಮೇಲೆ ಕಂಪನಿ ಅವನನ್ನು ಲಾರಿ ತೂಕ ಹಾಕುವ ಕಾಟಾದ ಮುಂದೆ ಕೂರಿಸಿತು. ರಿಟೈರಾಗಿ ಹೊಸಪೇಟೆಗೆ ಬಂದು ಹುಡುಗಿಯರಿಗೆ ಆಟ ಕಲಿಸಹತ್ತಿದ. ಆಗಲೂ ಕೇಳುವುದು ನಿಲ್ಲಲಿಲ್ಲ. ಮೊನ್ನೆ ಸೆಮಿಫೈನಲ್ಲಿಗೂ ಕೇಳಿದ್ದ. “ಹಪ್ಪಳ ಒಣಹಾಕೀನಿ, ಕಾಗಿ ಬರ್ತಾವ,” ಎಂದಿದ್ದಳು. ಆ ಸಿಟ್ಟು ಯಾವಾಗ ಆರಿಹೋಗಿತ್ತೋ ಅವಳಿಗೇ ಗೊತ್ತಿರಲಿಲ್ಲ. ಇಲ್ಲ ಅನ್ನುವುದು ಮಾತ್ರ ನಾಲಗೆಗೆ ರೂಢಿಯಾಗಿತ್ತು.

*

ಟ್ರ್ಯಾಕ್ಟರು ಮೈದಾನಕ್ಕೆ ಬಂದಾಗ ಆಟ ಶುರುವಾಗಿ ಆಗಲೇ ಸುಮಾರು ಹೊತ್ತಾಗಿತ್ತು. ಬೂಟು ಕಟ್ಟಿಕೊಂಡು ಮುಂದಾಗಿ ಬಂದಿದ್ದ ಸೌಜನ್ಯ ಒಳಗೆ ಆಡುತ್ತಿದ್ದಳು. ಹೊಸಪೇಟೆಯವರು ಒಂದು ಗೋಲ್ ಹೊಡೆದೂ ಆಗಿತ್ತು. ಮುಂದೆ ಭಜನೆ, ಹಿಂದೆ ಹೆಂಗಸರ ಟೆಂಪೊ, ನಡುವೆ ಟ್ರಾಲಿಯಲ್ಲಿ ಬಾಳೆದಿಂಡು, ಚೆಂಡುಹೂವಿನ ನಡುವೆ ಕಾಲು ಮಡಚಿ ಕೂತ ಕೊಟ್ರಬಸಪ್ಪ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳು ಕಾಣದಷ್ಟು ಹಾರ. ಪಂಪೇಶ ಗೆರೆಯ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸಿದ.

“ಲೇ ಪಂಪೇಶ, ಕಣ್ಣು ಎಲ್ಲಿಟ್ಟೀದಿ?” ಎಂದು ಕಂಪ್ಲಿಯ ಮಂದಿಯ ನಡುವಿನಿಂದ ಒಬ್ಬ ಮುದುಕ ಕೋಲೆತ್ತಿದ. “ಯಜಮಾನ್ನ ಮುಖ ರೋಡಿನ ಕಡಿ ಮಾಡಿ ನಿಂದ್ರಿಸೀದಿ. ಲಾರಿ ಎಣಿಸಾಕ ಬಂದಾನೇನು? ತಿರುಗ್ಸು, ಮೈದಾನದ ಕಡಿ ತಿರುಗ್ಸು.”

ಅವನು ಎರ್ರಿಯಪ್ಪ. ಒಂದು ಕಾಲಕ್ಕೆ ಕಂಪ್ಲಿ ಟೀಮಿನ ಬಲಗಡೆಯ ಓಟಗಾರ, ಕೊಟ್ರಬಸಪ್ಪನ ಜನ್ಮದ ಎದುರಾಳಿ.

ಪಂಪೇಶ ಪಾಪ, ಗಡಿಬಿಡಿಯಲ್ಲಿ ರಿವರ್ಸ್ ತೆಗೆದುಕೊಂಡ. ಟ್ರಾಲಿ ಅಡ್ಡ ತಿರುಗಿತು, ಗೆರೆ ದಾಟಿತು, ಮೂಲೆಯ ಬಾವುಟವನ್ನು ಮುರಿದುಕೊಂಡು ಮೈದಾನದ ಒಳಗೇ ನುಗ್ಗಿತು. ರೆಫ್ರಿ ಜಂಬುನಾಥ್ ಸೀಟಿ ಊದಿದ. ಸಿಟ್ಟಿನಿಂದ ಓಡಿ ಬಂದವನು ಟ್ರಾಲಿಯ ಮೇಲೆ ಕೂತವರನ್ನು ನೋಡಿದ್ದೇ ಸೀಟಿಯನ್ನು ಬಾಯಿಂದ ತೆಗೆದ. ಅವನೂ ಕೊಟ್ರಬಸಪ್ಪನ ಕೈಯಲ್ಲೇ ಆಟ ಕಲಿತವನು. ವಾಚು ನಿಲ್ಲಿಸಿ, ಟ್ರಾಲಿ ಹತ್ತಿ ಅಡ್ಡಬಿದ್ದ.

ಅವನು ಬಿದ್ದ ಮೇಲೆ ಕೇಳಬೇಕೇ? ಹೊಸಪೇಟೆಯ ಹುಡುಗಿಯರು ಓಡಿ ಬಂದರು. ಕಂಪ್ಲಿಯವರೂ ಬಂದರು. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ರವಿವಾರ ರವಿವಾರ ಬಸ್ಸಿನಲ್ಲಿ ಹೋಗಿ ಆಟ ಕಲಿಸಿ ಬಂದವನೂ ಇದೇ ಕೊಟ್ರಬಸಪ್ಪ. ಕೋಚುಗಳು, ಲೈನ್‌ಮನ್‌ಗಳು, ನೋಡಲು ಬಂದ ಮಂದಿ, ಬಾಳೆಹಣ್ಣು ಮಾರುವವಳು, ಎಲ್ಲರೂ ಸಾಲುಗಟ್ಟಿ ಹಣೆ ಹಚ್ಚಿದರು. ಭಜನೆಯವರಿಗೆ ಹುರುಪು ಬಂದು ದಮ್ಮಡಿ ಬಡಿದೇ ಬಡಿದರು. ರೇವಣಸಿದ್ದನಿಗೂ ಒಳಗೊಳಗೇ ಹೆಮ್ಮೆ, ಮೀಸೆಯ ಮೇಲೆ ಕೈ ಹೋಗಿತ್ತು. ಇಷ್ಟೆಲ್ಲ ಮುಗಿದು ಟ್ರಾಲಿ ಹೊರಗೆ ಬಂದು ಆಟ ಮತ್ತೆ ಶುರುವಾಗುವಷ್ಟರಲ್ಲಿ ಕಾಲು ತಾಸಿನ ಮೇಲಾಗಿತ್ತು. ಆ ಹೊತ್ತನ್ನೆಲ್ಲ ಆಟಕ್ಕೆ ಕೂಡಿಸುತ್ತಾರೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಎರ್ರಿಯಪ್ಪ ಟ್ರಾಲಿಯ ಅಂಚು ಹಿಡಿದು ನಿಂತು ಅಳುತ್ತ ಬೈಯುತ್ತಿದ್ದ. “ನನ್ನ ಹೆಂಡ್ತಿ ಕೂಡ ಇಷ್ಟು ನನ್ನ ಹಿಂದ ತಿರುಗಿಲ್ಲ, ಮಾರಾಯ. ಎತ್ತಾಗ ಹೋದ್ರೂ ಮುಂದ ನಿಂತಿರತಿದ್ದ. ಒಂದ ಸಲರ ಬಿಟ್ಟಿದ್ರ ಅವನ ಗಂಟೇನು ಹೋಗತಿತ್ತು?”

“ಕಲ್ಕತ್ತಾದಾಗ ನೋಡಬೇಕಿತ್ತು ನೀನು,” ಎಂದ ನಾಗೇಂದ್ರಪ್ಪ. “ಮೆಸ್ಸಿನಾಗ ಮೂರೂ ಹೊತ್ತು ಮೀನು. ಈ ಲಿಂಗವಂತ ಸೀಸನ್ ಪೂರ್ತಿ ಮಂಡಕ್ಕಿ ಬಾಳೆಹಣ್ಣು ತಿಂದು ಲೆಫ್ಟ್ ಬ್ಯಾಕ್ ಆಡಿದ. ಇನ್ನೊಂದು ವರ್ಷ ಇರಪ್ಪ ಅಂದ್ರು. ರೊಟ್ಟಿ ತಿನ್ನಬೇಕು ಅಂತ ಬಂದುಬಿಟ್ಟ.”

“ಮಾವಾರು ಎಷ್ಟು ಗೋಲ್ ಹೊಡದ್ರು?” ಎಂದು ಕೇಳಿದ, ಬೀಗರ ಕಡೆಯ ಒಬ್ಬ.

“ಒಂದೂ ಇಲ್ಲ.”

“ಅಷ್ಟು ವರ್ಷ ಆಡಿ?”

“ಹೊಡಿಯೂದು ಅವನ ಕೆಲಸ ಅಲ್ಲಪ. ಹೊಡದೋರ ಹೆಸರು ಪೇಪರ್‌ನ್ಯಾಗ ಬರತಿತ್ತು. ತಡದೋನ ಹೆಸರು ಯಾರ್ ಬರೀತಾರ?”

ಅಕ್ಕನಾಗಮ್ಮ ಟೆಂಪೊ ಇಳಿದು ಬಂದು ಟ್ರಾಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕಣ್ಣು ಚೆಂಡಿನ ಹಿಂದೆ ಓಡಿ ಓಡಿ ಸೋತಿದ್ದವು. ಅತ್ತ ಹೋಯಿತು, ಇತ್ತ ಬಂತು. ಮಂದಿ ಯಾಕೆ ಹೋ ಅನ್ನುತ್ತಾರೋ ತಿಳಿಯಲೊಲ್ಲದು. ಎರಡನೆಯ ಅರ್ಧದಲ್ಲಿ ಹೊಸಪೇಟೆಯವರು ಇದೇ ಕಡೆಯ ಗೋಲ್ ಕಾಯತೊಡಗಿದರು. ಸೌಜನ್ಯ ಮಾರು ದೂರದಲ್ಲಿ ಕಣ್ಣೆದುರೇ ಬಂದಳು.

“ಚೆಂಡು ನೋಡಬ್ಯಾಡ್ರಿ ಅಕ್ಕಾರ,” ಎಂದ ನಾಗೇಂದ್ರಪ್ಪ. “ಮೊಮ್ಮಗಳ ಕಾಲು ನೋಡ್ರಿ.”

ನೋಡಿದಳು. ಕಂಪ್ಲಿಯ ಉದ್ದ ಜಡೆಯ ಹುಡುಗಿಯೊಬ್ಬಳು ಚೆಂಡು ತಳ್ಳಿಕೊಂಡು ಗಾಳಿಯ ಹಾಗೆ ಬಂದಳು. ಸೌಜನ್ಯ ಮೈಮೇಲೆ ಬೀಳಲಿಲ್ಲ. ಮೊಣಕಾಲು ಬಗ್ಗಿಸಿ, ಕೈ ಎರಡೂ ಸ್ವಲ್ಪ ಅಗಲಿಸಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋದಳು. ಆಕೆ ಎಡಕ್ಕೆ ವಾಲಿದರೆ ಇವಳೂ ಅತ್ತ, ಬಲಕ್ಕೆ ವಾಲಿದರೆ ಇತ್ತ.

“ಯಾಕ ಹಿಂದಕ ಸರೀತಾಳ್ರಿ? ಅಂಜತಾಳೇನು?”

“ಅಂಜೂದಲ್ರಿ, ಹೊತ್ತು ಕಳೀತಾಳ. ಮೈಮ್ಯಾಲ ಬಿದ್ರ ತಪ್ಪಿಸ್ಕೊಂಡು ಹೋಗ್ಬಿಡ್ತಾರ. ಮುಂದ ನಿಂತು ತಡದ್ರ, ಅಷ್ಟ್ರಾಗ ನಮ್ಮ ಮಂದಿ ಬಂದು ಕೂಡ್ತಾರ. ನೋಡ್ರಿ, ಬಂದ್ರು.”

ಬಂದರು. ಚೆಂಡು ಹೊರಗೆ ಹೋಯಿತು. ಮೈದಾನ ಹೋ ಎಂದಿತು, ಭಜನೆಯವರು ದಣ್ ಅಂತ ಒಂದು ತಾಳ ಹಾಕಿದರು. ಮೊಮ್ಮಗಳ ಈ ನಡಿಗೆ ಅಕ್ಕನಾಗಮ್ಮನಿಗೆ ಗೊತ್ತಿತ್ತು.

*

ಹೊಸದರಲ್ಲಿ ಅತ್ತೆಗೂ ಅವಳಿಗೂ ಹತ್ತುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು ಒಂದು ದಿನ ಮಗುವನ್ನು ಕಂಕುಳಿಗೆ ಹಾಕಿಕೊಂಡು, “ತವರಿಗೆ ಹೋಗ್ತೀನಿ, ತಿರುಗಿ ಬರಂಗಿಲ್ಲ,” ಎಂದು ಬಾಗಿಲಿಗೆ ನಡೆದಳು. ಬಾಗಿಲಲ್ಲಿ ಕೊಟ್ರಬಸಪ್ಪ ನಿಂತಿದ್ದ. ಬೈಯಲಿಲ್ಲ, ಕೈ ಹಿಡಿಯಲಿಲ್ಲ. ಅವಳು ಎಡಕ್ಕೆ ಹೋದರೆ ಎಡಕ್ಕೆ ಬಂದ, ಬಲಕ್ಕೆ ಹೋದರೆ ಬಲಕ್ಕೆ ಬಂದ. “ಸರೀ,” ಅಂದಳು, ಅವನು ಸರಿಯಲಿಲ್ಲ. “ಹೋಗಾಕ ಬಿಡೂದಿಲ್ಲೇನು?” ಅಂದಳು. “ಹೋಗು, ಬ್ಯಾಡ ಅಂದವರ್‍ಯಾರು,” ಎನ್ನುತ್ತ ಮತ್ತೆ ಅಡ್ಡ ಬಂದ. ಅವಳಿಗೆ ಸಿಟ್ಟಿನಲ್ಲೂ ನಗು ಬಂತು. ಅಷ್ಟರಲ್ಲಿ ಒಳಗಿಂದ ಅತ್ತೆಯೇ ಬಂದು, “ರೊಟ್ಟಿ ಆರ್ತಾವ, ಉಣ್ಣ ಬಾರ,” ಎಂದು ಮಗುವನ್ನು ಎತ್ತಿಕೊಂಡಳು.

ಆಗ ಅವಳು ಅಂದುಕೊಂಡಿದ್ದಳು, ಈ ಮನುಷ್ಯನಿಗೆ ಒಂದು ಏಟು ಹೊಡೆಯಲೂ ಬಾರದು, ಒಂದು ಮಾತಾಡಲೂ ಬಾರದು ಎಂದು.

*

ಹೊತ್ತು ಡ್ಯಾಮಿನ ಕಡೆ ಇಳಿಯುತ್ತಿತ್ತು. ಆಟ ಮುಗಿಯಬೇಕಾದ ಹೊತ್ತು ಬಂತು, ಹೋಯಿತು, ಆಟ ಮುಗಿಯಲಿಲ್ಲ. ಹೊಸಪೇಟೆಯವರು ಹೊಡೆದ ಒಂದೇ ಗೋಲು. ಕಂಪ್ಲಿಯವರೋ ಹಟಕ್ಕೆ ಬಿದ್ದು ಹನ್ನೊಂದೂ ಮಂದಿ ಇತ್ತಲೇ ನುಗ್ಗುತ್ತಿದ್ದರು. ಎರ್ರಿಯಪ್ಪ ತನ್ನ ಊರಿನವರಿಗೆ ಹೊಡೀರಿ ಹೊಡೀರಿ ಅನ್ನುತ್ತಿದ್ದವನು ನಡುನಡುವೆ ಸೌಜನ್ಯಳಿಗೂ ಶಾಬಾಸ್ ಅನ್ನುತ್ತಿದ್ದ. ಅವನಿಗೇ ತಾನು ಯಾರ ಕಡೆ ಎಂದು ತಿಳಿಯದಂತಾಗಿತ್ತು.

“ಇನ್ನಾ ಯಾಕ ಊದವಲ್ಲ ಇವನು?” ಎಂದು ರೇವಣಸಿದ್ದ ಚಡಪಡಿಸಿದ.

“ಎಲ್ಲಾರೂ ಅಡ್ಡಬೀಳಾಕ ತಗೊಂಡ ಹೊತ್ತು ಕೂಡಸ್ತಾರ್ರಿ,” ಎಂದ ನಾಗೇಂದ್ರಪ್ಪ. “ನಾವ ಮಾಡ್ಕೊಂಡಿದ್ದು.”

ಅಯ್ಯನೋರು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. “ಹೊಂಡಬೇಕು ರೇವಣಸಿದ್ದ. ಇನ್ನ ತಡ ಮಾಡಿದ್ರ ಹೊತ್ತು ಸಿಗಂಗಿಲ್ಲ.”

ರೇವಣಸಿದ್ದನಿಗೆ ಅಷ್ಟು ಸಾಕಾಯಿತು. “ಪಂಪೇಶ, ಚಾಲೂ ಮಾಡು. ಹುಡುಗಿನ್ನ ಆಮ್ಯಾಲ ಯಾರರ ಬೈಕಿನ ಮ್ಯಾಲ ಕರಕೊಂಡು ಬರ್ತಾರ.”

“ಆಕಿ ಬರೂದ್ರಾಗ ಮಣ್ಣ ಮುಚ್ಚಿರ್ತೀರಿ,” ಎಂದಳು ಗಂಗಾಂಬಿಕಾ.

“ಅದಕ್ಕ ನಾ ಏನ್ ಮಾಡ್ಲಿ? ಸೂರ್ಯನ್ನ ಹಗ್ಗ ಹಾಕಿ ಹಿಡೀಲೇನು?”

ಟ್ರ್ಯಾಕ್ಟರು ಗುಡುಗಿತು. ವಿಮಾನದ ಹೂವೆಲ್ಲ ನಡುಗಿದವು. ಅಕ್ಕನಾಗಮ್ಮ ಒಮ್ಮೆ ಮೊಮ್ಮಗಳ ಕಡೆ ನೋಡಿದಳು. ಜಡೆಯ ಹುಡುಗಿ ಮತ್ತೆ ಚೆಂಡು ಹಿಡಿದು ಬರುತ್ತಿದ್ದಳು, ಸೌಜನ್ಯ ಮೊಣಕಾಲು ಬಗ್ಗಿಸಿದ್ದಳು. ಮೈದಾನ ಪೂರ್ತಿ ಎದ್ದು ನಿಂತಿತ್ತು. ಈ ಒಂದು ಗಳಿಗೆ ನೋಡಬೇಕೆಂದು ಅವಳ ಜೀವ ಹಾರುತ್ತಿತ್ತು. ಆದರೂ ಮುಖ ತಿರುಗಿಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿ, ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು.

“ಅತ್ಗಿ, ಸರೀರಿ,” ಎಂದ ರೇವಣಸಿದ್ದ.

ಅವಳು ಸರಿಯಲಿಲ್ಲ.

“ಪಂಪೇಶ, ಎಡಕ್ಕ ತಗೋ.”

ಪಂಪೇಶ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಅಕ್ಕನಾಗಮ್ಮ ಕೈ ಎರಡೂ ಅಗಲಿಸಿ ಅತ್ತ ಸರಿದಳು. ಬಲಕ್ಕೆ ತಿರುಗಿಸಿದ. ಇತ್ತ ಬಂದಳು. ಟ್ರ್ಯಾಕ್ಟರು ಮೆಲ್ಲಗೆ ಒಂದು ಗೇಣು ಮುಂದೆ ಬಂತು, ಅವಳು ಒಂದು ಗೇಣು ಹಿಂದೆ ಸರಿದಳು. ಬೈಯಲಿಲ್ಲ, ಕೂಗಲಿಲ್ಲ. ಕಣ್ಣು ಮುಂದಿನ ಗಾಲಿಯ ಮೇಲಿತ್ತು.

“ಬಿಡಂಗಿಲ್ಲೇನ್ರಿ?” ಎಂದು ರೇವಣಸಿದ್ದ ತಾನೇ ಇಳಿದು ಅವಳ ಎದುರು ಬಂದ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ಅಣ್ಣ ಅವನು ನನಗ. ಹೊತ್ತು ಮೀರಿ ಮಣ್ಣು ಮಾಡ್ಲೇನು?”

“ಹೋಗೂಣು ತಡಿ,” ಎಂದಳು ಅಕ್ಕನಾಗಮ್ಮ, ಮತ್ತೆ ಅಡ್ಡ ಬರುತ್ತ. “ಬ್ಯಾಡ ಅಂದವರ್‍ಯಾರು?”

ಹಿಂದೆ ಮೈದಾನ ಒಮ್ಮೆಲೇ ಉಸಿರು ಕಟ್ಟಿತು. ಬೂಟಿಗೆ ಚೆಂಡು ಬಡಿದ ಸದ್ದಾಯಿತು. ಆಮೇಲೆ ಎದ್ದ ಹೋ ಎಂಬ ಸದ್ದಿಗೆ ಟ್ರ್ಯಾಕ್ಟರಿನ ಸದ್ದೂ ಕೇಳದಾಯಿತು. ಯಾರು ಹೊಡೆದರು, ಯಾರು ತಡೆದರು, ಅಕ್ಕನಾಗಮ್ಮ ತಿರುಗಿ ನೋಡಲಿಲ್ಲ. ಅವಳಿಗೆ ಕಂಡದ್ದು ಎದುರಿನವರ ಮುಖಗಳಷ್ಟೇ. ನಾಗೇಂದ್ರಪ್ಪ ಎರಡೂ ಕೈ ಮೇಲೆತ್ತಿದ್ದ. ಎರ್ರಿಯಪ್ಪ ಹಣೆ ಚಚ್ಚಿಕೊಳ್ಳುತ್ತ ನಗುತ್ತಿದ್ದ. ಪಂಪೇಶ ಟ್ರ್ಯಾಕ್ಟರ್ ಆರಿಸಿ ಸೀಟಿನ ಮೇಲೆ ಎದ್ದು ನಿಂತಿದ್ದ. ರೇವಣಸಿದ್ದ ಅವಳ ಹೆಗಲಾಚೆ ಕಣ್ಣರಳಿಸಿ ನೋಡುತ್ತ, ತಲೆಯ ಮೇಲಿನ ಟವಲು ಯಾವಾಗ ಕೈಗೆ ಬಂತೋ, ಅದನ್ನು ಗಿರಗಿರ ತಿರುಗಿಸುತ್ತಿದ್ದ. ಜಂಬುನಾಥ್ ಆಟ ಮುಗಿಸಿ ಉದ್ದ ಸೀಟಿ ಊದಿದ. ಬೂಟುಗಾಲಿನ ಓಟ ಬೆನ್ನ ಹಿಂದೆ ಹತ್ತಿರ ಹತ್ತಿರ ಬರುತ್ತಿತ್ತು. ಅಕ್ಕನಾಗಮ್ಮ ಇನ್ನೂ ಮೊಣಕಾಲು ಬಗ್ಗಿಸಿ, ಅಗಲಿಸಿದ ಕೈ ಇಳಿಸದೆ, ಮೈದುನನನ್ನೇ ದಿಟ್ಟಿಸುತ್ತ ನಿಂತಿದ್ದಳು.